ವೀರಗಲ್ಲು ಮತ್ತು ಸಾಂತ್ವನದ ಮಾತು

ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬನು ಕರ್ಮಾಂತರಗಳು ಮುಗಿದ ಮೇಲೆ ತಲೆ ಬೋಳಿಸಿಕೊಂಡು ತರಗತಿಗೆ ಬಂದು ತನ್ನ ಸ್ಥಳದಲ್ಲಿ ಕುಳಿತಾಗ, ಉಪಾಧ್ಯಾಯನಾದವನು ಏನು ಹೇಳಬೇಕು? ನಾನಂತೂ ಹಾಜರಿ ಪುಸ್ತಕವನ್ನು ತೆರೆದು, ಅವನ ಹೆಸರನ್ನು ಎಂದಿಗಿಂತ ಮೆಲ್ಲನೆ ಕೂಗಿ, ಮುಂದಿನ ಹೆಸರಿಗೆ ಹೋಗಿಬಿಟ್ಟೆನು. ಹುಟ್ಟಿದವನಿಗೆ ಸಾವು ತಪ್ಪದೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನಿಜವಾದ ಮಾತೇ. ಆದರೆ ಹನ್ನೆರಡು ವರ್ಷದ ಮುಖವನ್ನು ನೋಡಿ ಅದನ್ನು ಆಡುವ ಧೈರ್ಯವಾಗಲಿಲ್ಲ. ದುಃಖದಲ್ಲಿರುವವರಿಗೆ ನಮ್ಮ ಪೂರ್ವಿಕರು ಏನು ಹೇಳುತ್ತಿದ್ದರೆಂಬುದನ್ನು ಶಾಸನಗಳಲ್ಲಿ ಹುಡುಕುವ ಹವ್ಯಾಸ ನನಗೆ ಅಂದಿನಿಂದ ಹತ್ತಿತು.

ಶಾಸನವೆಂದರೆ ಅರಸರ ವಂಶಾವಳಿ, ದಾನದತ್ತಿಗಳ ಲೆಕ್ಕ ಎಂದು ವಿದ್ಯಾರ್ಥಿಗಳ ತಿಳುವಳಿಕೆ. ಊರ ಹೊರಗಿನ ವೀರಗಲ್ಲಿನ ಮುಂದೆ ಅವರು ನಿಂತು ನೋಡಿರುವುದಿಲ್ಲ. ಕನ್ನಡನಾಡಿನಲ್ಲಿ ಮಾತ್ರವಲ್ಲ, ಗಡಿಯಾಚೆ ಕೃಷ್ಣಗಿರಿಯ ಸೀಮೆಯಲ್ಲಿಯೂ ಇಂಥ ಕಲ್ಲುಗಳುಂಟು; ತಮಿಳರು ಅವನ್ನು ನಡುಕಲ್ ಎನ್ನುವರು. ಸಾಮಾನ್ಯವಾಗಿ ಮೂರು ಹಂತಗಳ ಚಿತ್ರ. ಕೆಳಗೆ ಕಾಳಗ, ನಡುವೆ, ಮಡಿದವನನ್ನು ಅಪ್ಸರೆಯರು ಕೊಂಡೊಯ್ಯುವುದು, ಮೇಲೆ, ಅವನು ದೇವರ ಸನ್ನಿಧಿಯಲ್ಲಿರುವುದು. ವಿದ್ವಾಂಸರು ಇದನ್ನು ಶಿಲ್ಪಸಂಪ್ರದಾಯವೆಂದು ವಿವರಿಸುತ್ತಾರೆ. ನನಗಾದರೋ, ‘ನನ್ನ ಮಗ ಈಗ ಎಲ್ಲಿದ್ದಾನೆ?’ ಎಂದು ಕೇಳುವ ತಾಯಿಗೆ ಕೊಟ್ಟ ಉತ್ತರದಂತೆ ಅದು ತೋರುತ್ತದೆ. ಓದು ಬಾರದವಳಿಗೂ ತಿಳಿಯುವ ಉತ್ತರ.

ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ, ಕ್ರಿ.ಶ. 900ರ ಆಸುಪಾಸಿನ ಗಂಗರ ಕಾಲದ ಒಂದು ಕಲ್ಲಿದೆ. ಅಯ್ಯಪದೇವನ ಪರವಾಗಿ ವೀರಮಹೇಂದ್ರನ ಮೇಲೆ ಹೋದ ನಾಗತ್ತರನು ಆನೆಗಳ ನಡುವೆ ಕಾದಿ ಸತ್ತನು. ಅದನ್ನು ಕೇಳಿ ಎರೆಯಪ್ಪರಸನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸಾರವಿಷ್ಟೇ. ಸತ್ತವನ ಹೆಸರೇನು, ಹೇಗೆ ಸತ್ತನು, ಉಳಿದವರಿಗೆ ಏನು ವ್ಯವಸ್ಥೆಯಾಯಿತು. ಅಳಬೇಡವೆಂಬ ಮಾತು ಅಲ್ಲಿಲ್ಲ. ಮಡಿದವನ ಮನೆಗೆ ನೆಲ ಬಿಡುವುದಕ್ಕೆ ನಮ್ಮವರಲ್ಲಿ ನೆತ್ತರುಗೊಡಗೆಯೆಂಬ ಹೆಸರೇ ಇತ್ತು. ಹೊಲವಿಲ್ಲದ ಮನೆಯಲ್ಲಿ ವೈರಾಗ್ಯವನ್ನು ಬೋಧಿಸುವುದು ಸುಲಭವಲ್ಲವೆಂದು ಅವರು ಬಲ್ಲವರಾಗಿದ್ದರು.

ಇದನ್ನು ಓದಿದ ಕೆಲವು ದಿನಗಳಲ್ಲಿ ಆ ಹುಡುಗನನ್ನು ಕರೆದು, ‘ನಿಮ್ಮ ತಂದೆಯವರ ಹೆಸರೇನಪ್ಪ? ಏನು ಕೆಲಸ ಮಾಡುತ್ತಿದ್ದರು?’ ಎಂದು ಕೇಳಿದೆನು. ಹೆಸರು ನನಗೆ ಗೊತ್ತೇ ಇದ್ದಿತು. ಅವನು ಬಿಡುವಿನ ಹೊತ್ತೆಲ್ಲ ಹೇಳಿದನು. ನಡುವೆ ಒಮ್ಮೆ ನಕ್ಕದ್ದೂ ಉಂಟು.

ಮಾತು ಸೋತ ಸಂದರ್ಭವನ್ನೂ ಶಾಸನಗಳು ಮುಚ್ಚಿಟ್ಟಿಲ್ಲ. ವಯನಾಡಿಗೆ ಹೊಂದಿದ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಕ್ರಿ.ಶ. 1057ರ ದೇಕಬ್ಬೆಯ ಶಾಸನವಿದೆ. ಆಕೆಯ ಗಂಡ ಏಚನು ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದನೆಂದು ತಲಕಾಡಿನಲ್ಲಿ ಅವನನ್ನು ಕೊಲ್ಲಿಸಿದರು. ಸುದ್ದಿ ತಿಳಿದು ದೇಕಬ್ಬೆ ಬೆಂಕಿಗೆ ಬೀಳಹೊರಟಾಗ ತಂದೆ ರವಿಗ, ತಾಯಿ, ಬಂಧುಗಳು ಬೇಡವೆಂದು ತಡೆದರು. ಆಕೆ ನಿಲ್ಲಲಿಲ್ಲ. ಕಾವ್ಯಗುಣಕ್ಕಾಗಿ ಈ ಶಾಸನವನ್ನು ಪಂಡಿತರು ಹೊಗಳಿದ್ದಾರೆ. ನನಗೆ ಅದನ್ನು ಓದುವಾಗ ಪದ್ಯದ ಸೊಗಸಿಗಿಂತ ಆ ತಾಯಿತಂದೆಗಳೇ ಕಣ್ಣಿಗೆ ಕಟ್ಟುತ್ತಾರೆ. ಕುಲದ ಕೀರ್ತಿಯನ್ನು ಅಷ್ಟು ದೊಡ್ಡದು ಮಾಡಿದ ಆಚಾರದ ಎದುರಿಗೆ ಹೆತ್ತವರ ಮಾತಿಗೆ ಏನು ಬಲವಿದ್ದೀತು!

ಇನ್ನು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಕ್ರಿ.ಶ. 949-50ರದು. ತಕ್ಕೋಲದ ಕಾಳಗದಲ್ಲಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿರುವುದರಿಂದ ಚರಿತ್ರಕಾರರಿಗೆ ಇದು ಬಹಳ ಬೇಕಾದದ್ದು. ಆ ಯುದ್ಧದಲ್ಲಿ ಮುಂದೆ ನಿಂತು ಕಾದಿದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಆತನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು. ಆಮೇಲೆ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಡನೆ ಸತ್ತವು.

ನಾಯಿಗಾಗಿ ದುಃಖಿಸುವವನನ್ನು ಕಂಡು ನಾವು ನಕ್ಕೇವು. ‘ಇನ್ನೊಂದು ನಾಯಿ ಸಾಕು’ ಎಂದೇವು. ಅಂದು ಹಾಗೆ ನಗಲಿಲ್ಲ. ಚಲ್ಲೇಶ್ವರದ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿಗಳ ಹೋರಾಟವನ್ನು ಅದರ ಮೇಲೆ ಕಡೆದರು. ಅದಕ್ಕೆ ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲಲಿ ಎಂದೂ ಬರೆಸಿದರು. ದಿನವೂ ಒಬ್ಬ ಮನುಷ್ಯನು ಊಟಕ್ಕೆ ಮೊದಲು ಕಾಳಿಯನ್ನು ನೆನೆಯಬೇಕು, ಅಷ್ಟೆ.

ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೂಜೆಯಿಲ್ಲ, ಗೊರವನೂ ಇಲ್ಲ. ಕಾಳಿ ಇನ್ನೂ ಹಂದಿಯ ಮೇಲೆ ಎರಗುತ್ತಲೇ ಇದೆ.