ಯಾರ ಗಂಡ?

ನವೆಂಬರ್ ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಯ ಕನ್ನಡ ಕಾರ್ಯಕ್ರಮಗಳಲ್ಲಿ ಎಲ್ಲಾದರೂ ಒಬ್ಬ ಓಬವ್ವ ವೇದಿಕೆ ಹತ್ತಿಯೇ ಹತ್ತುತ್ತಾಳೆ. ವಯಸ್ಸು ಎಂಟೋ ಒಂಬತ್ತೋ. ಅಮ್ಮನ ಇಳಕಲ್ ಸೀರೆಯನ್ನು ಮಡಚಿ ಮಡಚಿ ಗಿಡ್ಡ ಮಾಡಿ ಕಚ್ಚೆ ಹಾಕಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಪೈಪಿಗೆ ಕಂದು ಕಾಗದ ಸುತ್ತಿದ ಒನಕೆ. ನಿರೂಪಕರು ಹಾಳೆ ನೋಡಿ ಓದುತ್ತಾರೆ: ‘ಗಂಡೆದೆಯ ವೀರವನಿತೆ.’ ಚಪ್ಪಾಳೆ ಬೀಳುತ್ತದೆ. ಹೆಣ್ಣಿನ ಎದೆಯನ್ನು ಹೊಗಳಲು ಅದನ್ನು ಗಂಡು ಮಾಡಬೇಕಾಯಿತೇಕೆ ಎಂದು ಯಾರೂ ಕೇಳುವುದಿಲ್ಲ.

ಕೇಳುವುದಕ್ಕೆ ಠಾಣೆಗಿಂತ ಒಳ್ಳೆಯ ಊರಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಮೊದಲ ರೈಲು ಠಾಣೆಗೆ ಬಂದು ನಿಂತಾಗ, ‘ಗಂಡ’ ಎಂಬ ಪದ ಈ ಸೀಮೆಗೆ ಬಂದು ಎಂಟು ಶತಮಾನ ದಾಟಿತ್ತು.

ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ರಾಜಧಾನಿ ಶ್ರೀಸ್ಥಾನಕ. ಅದೇ ಇಂದಿನ ಠಾಣೆ. 1787ರಲ್ಲಿ ಇಲ್ಲಿ ನೆಲ ಅಗೆಯುವಾಗ ಅರಿಕೇಸರಿ ರಾಜನ ತಾಮ್ರಪಟಗಳು ಸಿಕ್ಕವು, ಕಾಲ 1017. ಭಿವಂಡಿ ಬಳಿಯ ಭಾದಾಣೆಯ ದಾನಶಾಸನ ಇನ್ನೂ ಇಪ್ಪತ್ತು ವರ್ಷ ಹಿಂದಿನದು, 997ರದು. ಈ ಮನೆತನದ ಶಾಸನಗಳ ಭಾಷೆ ಸಂಸ್ಕೃತ. ಆದರೆ ರಾಜನ ಬಿರುದು ಹೇಳುವ ಕಡೆ ಬಂದಾಗ ಸಂಸ್ಕೃತದ ನಡುವೆ ಅಚ್ಚ ಕನ್ನಡ ತಲೆ ಎತ್ತುತ್ತದೆ: ನನ್ನಿಸಮುದ್ರ, ಮಲಗಲಗಂಡ. ನನ್ನಿ ಎಂದರೆ ಸತ್ಯ. ಮಲಗಲಗಂಡ ಎಂದ ಕೂಡಲೇ ಹೊಯ್ಸಳರ ‘ಮಲೆಪರೊಳ್ ಗಂಡ’ ನೆನಪಾಗುತ್ತದೆ. ದಾನ ಕೊಟ್ಟ ಹೊಲದ ಎಲ್ಲೆಯನ್ನು ಸಂಸ್ಕೃತದಲ್ಲಿ ಹೇಳಬಹುದಾಗಿತ್ತು. ಕಲಿತನವನ್ನು ಮಾತ್ರ ಮನೆಮಾತಿನಲ್ಲೇ ಹೇಳಬೇಕೆನ್ನಿಸಿತೋ ಏನೋ.

ಹಳಗನ್ನಡದಲ್ಲಿ ಗಂಡ ಎಂದರೆ ಶೂರ, ಎದುರಿಲ್ಲದವನು. ಕೈಹಿಡಿದವನು ಎಂಬ ಅರ್ಥವೂ ಹೊಸದಲ್ಲ. ತಮಿಳಿನ ‘ಕಂಡನ್’ ಕೂಡ ವೀರನೂ ಹೌದು, ಪತಿಯೂ ಹೌದು. ಎರಡು ಅರ್ಥಗಳೂ ಬಹುಕಾಲ ಜೊತೆಯಾಗಿ ನಡೆದವು. ಆಮೇಲೆ ಒಂದು ರಣರಂಗದಲ್ಲೇ ಉಳಿದುಹೋಯಿತು, ಇನ್ನೊಂದು ಮನೆ ಸೇರಿತು. ಈಗ ಕಲ್ಯಾಣ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಕೇಳುವುದು ಎರಡನೆಯದು ಮಾತ್ರ: ನನ್ನ ಗಂಡ ಐರೋಲಿಯಲ್ಲಿ ಕೆಲಸಕ್ಕಿದ್ದಾರೆ, ಅವಳ ಗಂಡ ಊರಿಗೆ ಹೋಗಿದ್ದಾನೆ. ಹಳೆಯ ಅರ್ಥ ಗಂಡುಗಲಿ, ಗಂಡೆದೆ, ಗಂಡುಮೆಟ್ಟಿದ ನಾಡು ಎಂಬಂಥ ಜೋಡುಪದಗಳಲ್ಲಿ ಅಡಗಿ ಕುಳಿತಿದೆ. (ಗಂಡಾಂತರದ ಗಂಡ ಬೇರೆ, ಅದು ಸಂಸ್ಕೃತದ್ದು.) ಇಂಥದೇ ದಾರಿ ಹಿಡಿದ ಇನ್ನೊಂದು ಪದ ‘ಬಂಟ’. ಎಂಟೆದೆಯ ಬಂಟ ಎಂದರೆ ಕೆಚ್ಚಿನ ಯೋಧ. ಮುಂಬಯಿ, ಠಾಣೆಗಳಲ್ಲಿ ಬಂಟರು ಎಂದರೆ ತುಳುನಾಡಿನಿಂದ ಬಂದು ಹೋಟೆಲು, ಶಾಲೆ ಕಟ್ಟಿದ ಸಮುದಾಯ.

ಆದರೆ ಗಂಡನ ಒಂದು ಗುಣ ಸಾವಿರ ವರ್ಷದಿಂದಲೂ ಬದಲಾಗಿಲ್ಲ. ಪದ ಒಂಟಿಯಾಗಿ ನಿಲ್ಲುವುದೇ ಅಪರೂಪ. ಹಿಂದೆ ಇನ್ನೊಬ್ಬರು ಬೇಕು. ಗಂಡರ ಗಂಡ. ಮೂರು ರಾಯರ ಗಂಡ. ವಿಜಯನಗರದ ಅರಸರ ಬಿರುದಿನಲ್ಲಿ ಬರುವ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂದರೆ ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ದಂಡಿಸುವವನು. ‘ಯಾರ ಗಂಡ?’ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಇನ್ನೊಬ್ಬರ ಮೇಲಿನ ಹಿಡಿತವೇ ಅದರ ಅಳತೆ.

ಓಬವ್ವನ ಕಥೆಯಲ್ಲಿ ಪದದ ಎರಡೂ ಅರ್ಥಗಳು ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ. ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿತ್ತು. ಕಾವಲಿನ ಕಹಳೆ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ಹೋದ ಹೆಂಡತಿಗೆ ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವುದು ಕಂಡಿತು. ಒಂದು ಸಲಕ್ಕೆ ಒಬ್ಬನೇ ತೆವಳಿ ಬರಬಲ್ಲ ಕಿಂಡಿ ಅದು. ತಲೆ ಹೊರಗೆ ಬಂದಂತೆ ಒನಕೆಯ ಪೆಟ್ಟು. ಹೆಣವನ್ನು ಪಕ್ಕಕ್ಕೆಳೆದು ಮತ್ತೆ ಕಿಂಡಿಯ ಬಾಯಿಗೆ. ಗಂಡ ಬಂದು ಕಹಳೆ ಊದುವವರೆಗೂ ಕೋಟೆ ಉಳಿದದ್ದು ಅವಳ ತೋಳಿನಲ್ಲಿ. ಜನ ಹೇಳಿಕೊಂಡು ಬಂದ ಕಥೆಯಲ್ಲಿ ಆ ದಿನದ ಮುತ್ತಿಗೆ ಮುರಿಯಿತು, ಅವಳು ಉಳಿಯಲಿಲ್ಲ. 1779ರಲ್ಲಿ ದುರ್ಗವೂ ಬಿತ್ತು. ಹಾಗಾಗಿ ಅವಳು ಯುದ್ಧ ಗೆದ್ದಳು ಎನ್ನಲಾಗದು. ಒಂದು ದಿನವನ್ನು ಗೆದ್ದಳು, ಅದು ಸಣ್ಣದಲ್ಲ.

ಅವಳ ಎದೆಗೆ ಕನ್ನಡದಲ್ಲಿ ಬೇರೆ ಹೆಸರಿದೆ: ಕೆಚ್ಚೆದೆ. ಕೆಚ್ಚು ಎಂದರೆ ಮರದ ನಟ್ಟನಡುವಿನ ಗಟ್ಟಿ ತಿರುಳು. ಎಳೆಯ ಮರದಲ್ಲಿ ಅದು ಇರುವುದಿಲ್ಲ. ಮರ ಬಲಿತಂತೆ, ತೊಗಟೆಯ ಒಳಗೆ, ಕಣ್ಣಿಗೆ ಬೀಳದಂತೆ ಕೂಡುತ್ತದೆ. ಹೊರಪದರಕ್ಕೆ ಹುಳ ಹಿಡಿದರೂ ಕೆಚ್ಚು ಬಾಗದು. ಒನಕೆ ಮಾಡಿಸುವವರು ಹುಡುಕುತ್ತಿದ್ದದ್ದು ಅದನ್ನೇ: ಬಲಿತ ಮರದ ಕೆಚ್ಚು, ತುದಿಗೆ ಕಬ್ಬಿಣದ ಅಣಸು, ನಡುವೆ ಕೈ ಹಿಡಿದು ಹಿಡಿದು ನುಣುಪಾದ ಜಾಗ. ದಿನವೂ ಭತ್ತ ಕುಟ್ಟಿದ ತೋಳಿಗೆ ಆ ತೂಕದ ಅಂದಾಜು ಹೊಸದಾಗಿ ಕಲಿಯಬೇಕಾದ್ದೇನಲ್ಲ. ಓಬವ್ವನ ಕೈಯಲ್ಲಿದ್ದದ್ದೂ ಎದೆಯಲ್ಲಿದ್ದದ್ದೂ ಒಂದೇ ಪದ.

ಈ ಪದಕ್ಕೆ ಹೆಣ್ಣು ಗಂಡಿನ ಗೊಡವೆಯಿಲ್ಲ, ‘ಯಾರ’ ಎಂಬ ಪ್ರಶ್ನೆಯೂ ಇಲ್ಲ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಸೇನಾನಿ ಕೆ.ಎಸ್. ತಿಮ್ಮಯ್ಯನವರಿಗೂ ಒಪ್ಪುವುದು ಇದೇ. 1948ರಲ್ಲಿ, ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ, ಲಡಾಖಿನ ದಾರಿ ಝೋಜಿಲಾ ಕಣಿವೆಯಲ್ಲಿ ಕಟ್ಟಿಹೋಗಿತ್ತು. ಸೆಪ್ಟೆಂಬರಿನ ಕಾಲಾಳು ದಾಳಿಗಳು ಫಲಿಸಲಿಲ್ಲ, ಚಳಿಗಾಲ ಬಾಗಿಲಿಗೆ ಬಂದಿತ್ತು, ಲೇಹ್ ಒಂಟಿಯಾಗಿತ್ತು. ಡಿವಿಷನ್ನಿನ ದಂಡನಾಯಕರಾಗಿದ್ದ ತಿಮ್ಮಯ್ಯ ಹನ್ನೊಂದು ಸಾವಿರ ಅಡಿಗೂ ಮೇಲಿನ ಆ ಕಣಿವೆಗೆ ಟ್ಯಾಂಕ್ ಹತ್ತಿಸಲು ಹೊರಟರು. ಸ್ಟುವರ್ಟ್ ಟ್ಯಾಂಕುಗಳ ತೋಪಿನ ಗೋಪುರ ಕಳಚಿ, ಟಾರ್ಪಾಲು ಹೊದಿಸಿ, ಗುಟ್ಟಾಗಿ ಶ್ರೀನಗರ ದಾಟಿಸಿದರು. ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯವರು ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಜಾಡನ್ನು ಅಗಲಿಸಿ ಟ್ಯಾಂಕಿನ ದಾರಿ ಮಾಡಿದರು. ನವೆಂಬರ್ 1ರಂದು ಟ್ಯಾಂಕುಗಳು ಹಿಮದಲ್ಲಿ ಮೇಲೇರಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ ತಾವೇ ಇದ್ದರು. ಕಣಿವೆ ಅಂದೇ ಕೈವಶವಾಯಿತು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಸೇರಿ ಲೇಹ್ ದಾರಿ ತೆರೆಯಿತು. ಇಲ್ಲಿ ನಿಜವಾಗಿಯೂ ಯುದ್ಧದ ದಿಕ್ಕು ಬದಲಾಯಿತು. ಕಣಿವೆಯಲ್ಲಿ ಕಂಡ ಒಂದು ದಿನದ ಧೈರ್ಯದ ಹಿಂದೆ, ಕಳಚುವ, ಹೊರುವ, ಅಗೆಯುವ ಎಷ್ಟೋ ದಿನಗಳ ಕೆಚ್ಚಿತ್ತು.

ನವೆಂಬರ್ 1 ಎಂಟು ವರ್ಷಗಳ ನಂತರ ರಾಜ್ಯೋತ್ಸವದ ದಿನವೂ ಆಯಿತು. ನವೆಂಬರ್ 11ನ್ನು ಕರ್ನಾಟಕ ಸರ್ಕಾರ ಓಬವ್ವ ಜಯಂತಿಯಾಗಿ ಆಚರಿಸುತ್ತದೆ. ಈ ಎರಡು ದಿನಗಳ ಆಸುಪಾಸಿನಲ್ಲೇ ಡೊಂಬಿವಲಿಯ ಆ ಹುಡುಗಿ ಒನಕೆ ಹಿಡಿದು ಪರದೆಯ ಹಿಂದೆ ಕಾಯುತ್ತಾಳೆ. ನಿರೂಪಣೆಯ ಹಾಳೆ ಬರೆಯುವವರಲ್ಲಿ ಒಂದು ಬಿನ್ನಹ: ಅವಳು ಬರುವ ಸಾಲಿನಲ್ಲಿ ‘ಗಂಡೆದೆ’ ಹೊಡೆದುಹಾಕಿ, ಮೇಲೆ ‘ಕೆಚ್ಚೆದೆ’ ಎಂದು ಬರೆಯಿರಿ. ಮೈಕಿನಲ್ಲಿ ಒತ್ತಕ್ಷರ ಗಟ್ಟಿಯಾಗಿ ಬೀಳಲಿ.