ಲಕ್ಕಿ
ಬುಟ್ಟಿ ಹೆಣೆಯಲು ಒದಗುವ, ಘಾಟು ವಾಸನೆಯ ದೊಡ್ಡ ಪೊದೆ. ಸಸ್ಯಶಾಸ್ತ್ರೀಯ ಹೆಸರು ವೈಟೆಕ್ಸ್ ನೆಗುಂಡೊ. ತುಳಸಿಯ ಕುಟುಂಬಕ್ಕೆ ಸೇರಿದ್ದು. ಯೂರೋಪಿನ ಬುಟ್ಟಿಗಾರರಿಗೆ ವಿಲೋ ಒದಗುವಂತೆ ಬಯಲುಸೀಮೆಗೆ ಇದು. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಹಳ್ಳದ ದಂಡೆಗಳಲ್ಲಿ ಬೆಳೆಯುತ್ತದೆ. ಒಂದೊಂದು ಎಲೆಯಲ್ಲೂ 3ರಿಂದ 5 ಕಿರುಎಲೆ, ಅವುಗಳ ಅಡಿಭಾಗ ಬೂದುಬಿಳುಪು. ದನ ಬಾಯಿ ಹಾಕುವುದು ಅಪರೂಪವಾದ್ದರಿಂದ ಬೇಲಿಗೂ ಒಳ್ಳೆಯದು.

ಕಡ್ಡಿ ನೆಟ್ಟು ಬೆಳೆಸುವುದು ಸುಲಭ. ಮುಂಗಾರು ಹಿಡಿದಾಗ ಬಲಿತ ಕೊಂಬೆಯ ಗೇಣುದ್ದದ ತುಂಡನ್ನು, ಬುಡ-ತುದಿ ತಿರುವುಮುರುವಾಗದಂತೆ, ಎರಡು ಗೆಣ್ಣಾದರೂ ಮಣ್ಣೊಳಗೆ ಇರುವಂತೆ ಊರಬೇಕು. ಗಿಡವನ್ನು ಬುಡಕ್ಕೆ ಕಡಿದರೆ ನೀಳವಾದ ಕೋಲುಗಳು ಚಿಗುರುತ್ತವೆ; ಹೆಣಿಗೆಗೆ ಬೇಕಾದದ್ದು ಇವೇ. ಹಸಿಯಿರುವಾಗಲೇ ಎಲೆ ಸವರಿ ಗೊಬ್ಬರದ ಮಂಕರಿ, ಕೋಳಿ ಮುಚ್ಚುವ ಕುಕ್ಕೆ ಹೆಣೆಯುತ್ತಾರೆ. ಒಣಗಿದ ಕೋಲು ಬಾಗಿಸಿದರೆ ಮುರಿಯುತ್ತದೆ. ಪ್ಲಾಸ್ಟಿಕ್ ಮಂಕರಿ ಬಂದ ಮೇಲೆ ಈ ಹೆಣಿಗೆ ಕುಗ್ಗಿದ್ದು ನಿಜಕ್ಕೂ ನಷ್ಟ.