ಬೀಡು ಬಿಡುವ ನೆಲೆ

ಮಕ್ಕಳ ತಂಡವನ್ನು ಕಾಡಿಗೆ ಕರೆದೊಯ್ಯುವ ಮುನ್ನ ಹಿರಿಯರು ಹೋಗಿ ನೆಲ ನೋಡಿಬರುವುದು ಹೊಸ ಪದ್ಧತಿಯೇನಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿರಿ. ದಾರಿಯ ಊರುಕಾಡುಗಳಲ್ಲಿ ಹುಲ್ಲು, ಸೌದೆ, ನೀರು ಎಷ್ಟೆಂದು ಎಣಿಸಿ ದಂಡು ತಂಗುವ ನೆಲೆಗಳನ್ನು ಗೊತ್ತುಮಾಡಬೇಕೆಂದು ಅದರ ಹತ್ತನೆಯ ಅಧಿಕರಣ ವಿಧಿಸುತ್ತದೆ. ದಂಡಿನಲ್ಲಿ ಕಲಿತ ಇಂಥ ವಿದ್ಯೆಯನ್ನೇ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಹುಡುಗರ ಆಟಕ್ಕೆ ಒಗ್ಗಿಸಿದನು.

ನಮ್ಮ ‘ಬೀಡು’ ಎಂಬ ಪದವು ‘ಬಿಡು’ ಧಾತುವಿನಿಂದ ಬಂದುದು. ಪಯಣಿಗರು ಇಳಿದು ತಂಗುವ ಎಡೆ. ತುಳುನಾಡಿನಲ್ಲಿ ಅದು ಅರಸುಮನೆಗೇ ಹೆಸರಾಯಿತು.

ನಾವುಂದದ ಕಡಲಂಚಿನಿಂದ ಮೂಡಲ ಕೊಲ್ಲೂರು ಕಾಡಿಗೆ ಹೊರಡುವವರು ಕೌಟಿಲ್ಯನ ಲೆಕ್ಕವನ್ನು ತುಸು ತಿದ್ದಿಕೊಳ್ಳಬೇಕು. ಸೌಪರ್ಣಿಕೆ ಹುಟ್ಟುವುದು ಕೊಡಚಾದ್ರಿಯ ಮಡಿಲಲ್ಲಿ. ಘಟ್ಟದ ಮೇಲೆ ಮಳೆ ಹೊಯ್ದರೆ, ಕೆಳಗೆ ಬಿಸಿಲಿದ್ದಾಗಲೂ ಹೊಳೆ ಏರೀತು. ಆದುದರಿಂದ ನೀರು ಹತ್ತಿರವಿರಲಿ. ಮಕ್ಕಳು ಮಲಗುವ ಜಾಗ ಮಾತ್ರ ದಡದಿಂದ ದೂರ, ಎತ್ತರದಲ್ಲಿರಲಿ. ಇನ್ನು ಸೌದೆಯ ಮಾತು. ಅಲ್ಲಿನ ಕಾಡು 1974ರಲ್ಲಿ ಮೂಕಾಂಬಿಕಾ ವನ್ಯಜೀವಿಧಾಮವೆನಿಸಿತು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ತಂಗುವಂತಿಲ್ಲ, ಕಟ್ಟಿಗೆ ಕಡಿಯುವಂತಿಲ್ಲ. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿರಿ. ನೆಲ ನೋಡಲು ಹೋದವನು ನೀರನ್ನಷ್ಟೇ ಅಲ್ಲ, ನೀರು ಏರಿದ ಗುರುತನ್ನೂ ನೋಡಿಬರಬೇಕು.